ತೊಟ್ಟಿಯೊಳಗೆ ತುಕ್ಕಿನ ಸರಪಳಿ

ಸಾಹೇಬರ ಗಿಡ ಹಳದಿಯಾಗಿತ್ತು. ಅದು ಜಟ್ಟಪ್ಪನ ಕಣ್ಣಿಗೆ ಬಿದ್ದದ್ದು ಅವರು ವಾಪಸು ಬರುವ ಭಾನುವಾರವೇ.

ಜಟ್ಟಪ್ಪ ಭದ್ರಾವತಿಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಮನೆ ಶಿವಮೊಗ್ಗದಲ್ಲಿ. ದಿನಾ ಕತ್ತಲಲ್ಲೇ ಎದ್ದು ರೈಲಿಗೆ ಓಡಿ ಓಡಿ ಸಾಕಾಗಿ, ಶಿವಮೊಗ್ಗದಲ್ಲೇ ಗಾಂಧಿ ಬಜಾರಿನಲ್ಲಿದ್ದ ಕಾರ್ಖಾನೆಯ ಮಾರಾಟ ಕಚೇರಿಗೆ ವರ್ಗ ಬೇಡಿದ್ದ. ವರ್ಗ ಮಾಡಬೇಕಾದವರು ಷಡಕ್ಷರಪ್ಪ ಸಾಹೇಬರು. ಅವರು ರಜೆಯಲ್ಲಿ ಬೊಂಬಾಯಿಗೆ ಹೋಗುವಾಗ ತಮ್ಮ ಗಾಜಿನ ಮೀನಿನ ತೊಟ್ಟಿಯನ್ನು ಇವನ ಮನೆಯಲ್ಲಿಟ್ಟು, "ಮೀನು ಸತ್ರೆ ಬೇರೆ ತರ್ತೀನಿ. ನೀರೊಳಗಿನ ಗಿಡ ಜೋಪಾನ!" ಎಂದಿದ್ದರು.

ಪಕ್ಕದ ಮನೆಯ ವೀರಮ್ಮ ಕರೆಯದೇ ಬಂದು ತೊಟ್ಟಿಗೆ ಇಣುಕಿದರು. "ಅಯ್ಯೋ, ಈ ಗಿಡ ಬಸುರಿ ಮುಖದಂಗೆ ಬಿಳಿಚಿಕೊಂಡಿದೆಯಲ್ಲೋ ಜಟ್ಟಪ್ಪ! ರಕ್ತ ಕಮ್ಮಿ. ನನ್ನ ಸೊಸೆಗೆ ಕಾದ ಕಬ್ಬಿಣ ಅದ್ದಿದ ಮಜ್ಜಿಗೆ ಕುಡಿಸಿದ್ದೆ. ಕಬ್ಬಿಣದ ಸೌಟು ಕಾಯ್ಸಿ ಈ ನೀರಿಗೆ ಅದ್ದು."

ಅದ್ದಿದ. ಚುಂಯ್ ಎಂದಿತು. ಒಳಗಿನಿಂದ ಹೆಂಡತಿ ಬಂಗಾರಮ್ಮ ಕೂಗಿದಳು: "ಅಲ್ಲೇ ಮೀನಿನ ಸಾರು ಮಾಡ್ತಿದ್ದೀರೇನ್ರೀ?"

ಸದ್ದು ಕೇಳಿ ಎದುರು ಮನೆಯ ಶೇಷಪ್ಪ ಬಂದರು. ಅದೇ ಕಾರ್ಖಾನೆಯಿಂದ ನಿವೃತ್ತರಾದವರು. ಕಬ್ಬಿಣದ ವಿಷಯ ಬಂದರೆ ಅವರ ಬಾಯಿಗೆ ಬೀಗವಿಲ್ಲ.

"ಸೌಟಿಂದ ಏನಾಗುತ್ತೆ ಮಾರಾಯ? ತುಕ್ಕು ಹಾಕು, ತುಕ್ಕು!" ಎಂದವರೇ ಮನೆಗೆ ಹೋಗಿ ಬಾವಿಯ ಹಳೇ ಸರಪಳಿ ತಂದು ದಬಕ್ಕನೆ ಇಳಿಬಿಟ್ಟರು.

ನೀರು ಓಕುಳಿಯಾಯಿತು. ಗಿಡವೂ ಇಲ್ಲ, ಮೀನೂ ಇಲ್ಲ. ಜಟ್ಟಪ್ಪ ಮೊಣಕೈವರೆಗೆ ಕೈಬಿಟ್ಟು ಸರಪಳಿ ಹುಡುಕುತ್ತಿದ್ದಾಗಲೇ ಬಾಗಿಲಲ್ಲಿ ಜೀಪು ನಿಂತಿತು.

"ಇದೇನಯ್ಯಾ? ಯಾರು ಹಾಕಿದ್ದು?" ಎಂದರು ಸಾಹೇಬರು.

ವೀರಮ್ಮ ಜಂತೆ ನೋಡಿದರು. ಶೇಷಪ್ಪ ಚಪ್ಪಲಿ ಹುಡುಕತೊಡಗಿದರು. ಕೆಂಪು ನೀರಿನಿಂದ ಒಂದು ಮೀನು ಮೂತಿ ಎತ್ತಿ, ಸಾಹೇಬರನ್ನು ನೋಡಿ ಮುಳುಗಿತು.

"ಸರ್... ಗಿಡಕ್ಕೆ... ಕಬ್ಬಿಣ..."

"ಶಭಾಷ್! ಬೊಂಬಾಯಲ್ಲಿ ಗಿಡ ಮಾರೋನು ಇದನ್ನೇ ಅಂದ. ಕಬ್ಬಿಣ ಸಾಲದೆ ಎಲೆ ಹಳದಿ ಆಗುತ್ತಂತೆ. ಸರಪಳಿ ಕೊಂಚ ದೊಡ್ಡದಾಯ್ತು, ನೀರು ಬದಲಾಯಿಸಿದ್ರೆ ಸರಿ. ನಿನಗೆ ಹೇಗೆ ಹೊಳೀತಯ್ಯಾ?"

ಶೇಷಪ್ಪ ಚಪ್ಪಲಿ ಬಿಟ್ಟು ಮುಂದೆ ಬಂದರು. "ಸ್ವಾಮಿ, ಅದು ನಾನೇ..."

"ಮೊದ್ಲು ಹೇಳಿದ್ದು ನಾನು!" ಎಂದರು ವೀರಮ್ಮ.

ಜಟ್ಟಪ್ಪನ ಪಿತ್ತ ನೆತ್ತಿಗೇರಿತು. ಬೈಗುಳವಾಗಿದ್ದರೆ ಇವರು ಪಾಲಿಗೆ ಬರುತ್ತಿದ್ದರೇ? "ಸುಳ್ಳು ಸರ್! ಪೂರಾ ನನ್ನದೇ ತಲೆ. ಇವರಿಬ್ರೂ ಬೇಡ ಬೇಡ ಅಂದ್ರು!"

ಸಾಹೇಬರು ಬೆನ್ನು ತಟ್ಟಿದರು. "ಗಿಡ ಹಾಳು ಮಾಡಿದ್ರೆ ಇವನನ್ನ ಶಿವಮೊಗ್ಗಕ್ಕೆ ಅಟ್ಟಿ ಕಣ್ಮುಂದಿಂದ ತೊಲಗಿಸಬೇಕು ಅಂದ್ಕೊಂಡೇ ಬಂದೆ. ಇಂಥ ತಲೆಯನ್ನ ಬಿಡೋಕಾಗುತ್ತಾ? ವರ್ಗ ಗಿರ್ಗ ಮರೆತುಬಿಡು. ನಾಳೆಯಿಂದ ಇನ್ನೂ ಮುಂಚಿನ ರೈಲಿಗೆ ಬಾ. ನಮ್ಮನೆ ತೊಟ್ಟಿ ನೋಡ್ಕೊಂಡು ಆಮೇಲೆ ಕಚೇರಿಗೆ ಹೋಗು."

ಜಟ್ಟಪ್ಪ ಶೇಷಪ್ಪನವರ ತೋಳು ಹಿಡಿದೆಳೆದ. "ಸರ್, ದೇವರಾಣೆ, ಇದು ಇವರ ತಲೆ!"

ಶೇಷಪ್ಪ ಮೆಲ್ಲಗೆ ತೋಳು ಬಿಡಿಸಿಕೊಂಡು ಕೈಮುಗಿದರು. "ಛೆ ಛೆ, ಎಲ್ಲಾ ಜಟ್ಟಪ್ಪಂದೇ ಸ್ವಾಮಿ. ನಾವಿಬ್ರೂ ಬೇಡ ಬೇಡ ಅಂದಿದ್ವು."