ಕರಿಗುಡ್ಡದ ಕೆಂಚನಿಗೆ ಸನ್ಮಾನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಾಜಿ ಬಾಲ ಶ್ರೋತೃಗಳ ಸಂಯುಕ್ತ ಸಂಘವು, ಕರಿಗುಡ್ಡದ ಕೆಂಚನಿಗೆ ಅವನು ಬದುಕಿರುವಾಗಲೇ ಸನ್ಮಾನ ಮಾಡತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಕೆಂಚ ಎಂಬುವನು ಯಾವತ್ತೂ ಬದುಕಿರಲಿಲ್ಲ ಎಂಬ ಅಂಶ ಸಭೆಯ ಗಮನಕ್ಕೆ ಬಂದಿತ್ತಾದರೂ ಅದನ್ನು ನಡಾವಳಿಗೆ ಸೇರಿಸುವ ಅಗತ್ಯ ಕಂಡುಬರಲಿಲ್ಲ.

ತಿಳಿಯದವರಿಗೆ ಹೇಳಬೇಕು. ನಾವೆಲ್ಲ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಒಂದು ಸಾಹಸ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಕೆಂಚನೆಂಬ ಹನ್ನೆರಡು ವರ್ಷದ ಹುಡುಗ ವಾರಕ್ಕೊಂದು ಕಳ್ಳರ ಗುಂಪು ಹಿಡಿಯುತ್ತಿದ್ದ. “ನಿಲ್ರೋ ಅಲ್ಲೇ! ಕೆಂಚ ಬಂದಿದ್ದಾನೆ!” ಎಂದು ಅವನು ಕೂಗಿದರೆ ನಮ್ಮ ಕೇರಿಯ ನಾಯಿಗಳೂ ನಿಲ್ಲುತ್ತಿದ್ದವು. ಅವನನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಎಲ್ಲರೂ ಚೆನ್ನಾಗಿ ಬಲ್ಲವರಾಗಿದ್ದೆವು. ಜಗಳೂರಿನವರ ಪ್ರಕಾರ ಅವನು ಕಂಬಳಿ ಹೊದ್ದ ಒಣಕಲು ಹುಡುಗ. ಹೊನ್ನಾಳಿಯವರ ಪ್ರಕಾರ ಹೊಳೆ ಈಜಿ ಬಂದು ಸದಾ ತಲೆ ಒದ್ದೆ ಇರುವವನು. ಈ ವಿಷಯದಲ್ಲಿ ವಾರ್ಷಿಕ ಸಭೆ ಕುರ್ಚಿ ಎತ್ತುವ ಹಂತಕ್ಕೆ ಹೋಗಿ, ಕೊನೆಗೆ ಆಯಾ ತಾಲ್ಲೂಕಿನವರು ತಂತಮ್ಮ ಗಡಿಯೊಳಗೆ ತಮ್ಮ ಕೆಂಚನನ್ನು ಊಹಿಸಿಕೊಳ್ಳಬಹುದೆಂದು ನಿಯಮ ಮಾಡಲಾಯಿತು.

ಅಧ್ಯಕ್ಷ ಮಹೇಶ್ವರಪ್ಪನವರದು ಚನ್ನಗಿರಿಯಲ್ಲಿ ಅಡಿಕೆ ಮಂಡಿ. ಚಿಕ್ಕವರಿದ್ದಾಗ ಕೆಂಚನಂತೆ ಪಂಪ್‌ಹೌಸ್ ಮೇಲಿಂದ ಹಾರಿದ್ದರಿಂದ ಇವತ್ತಿಗೂ ಎಡಗಾಲು ಎಳೆದು ನಡೆಯುತ್ತಾರೆ. ಅಧ್ಯಕ್ಷ ಸ್ಥಾನಕ್ಕೆ ಅದನ್ನೇ ಅರ್ಹತೆಯಾಗಿ ಪರಿಗಣಿಸಲಾಗಿತ್ತು. ಕಾರ್ಯದರ್ಶಿ ಯರ್ರಿಸ್ವಾಮಿ ಜಗಳೂರಿನ ನಿವೃತ್ತ ಗುಮಾಸ್ತರು, ನಿಯಮವಿಲ್ಲದ ಕಡೆ ನೀರೂ ಕುಡಿಯದವರು. ನಾನು ಸಹಕಾರ್ಯದರ್ಶಿ. ಹಾರ ಹಿಡಿದುಕೊಳ್ಳುವುದು ನನ್ನ ಕರ್ತವ್ಯ.

ಕೆಂಚನ ಧ್ವನಿ ಸಂತೇಬೆನ್ನೂರಿನ ಒಂದು ಮನೆಯಲ್ಲಿದೆ ಎಂದು ತಿಳಿದು ಮೂವರೂ ಹೋದೆವು. ಬಾಗಿಲು ತೆರೆದವರು ಸಿದ್ದಲಿಂಗಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು. ಕೈಗೆ ರೊಟ್ಟಿ ಹಿಟ್ಟು ಮೆತ್ತಿತ್ತು.

“ಯಜಮಾನ್ರು ಅದಾರೇನ್ರಿ ಅಮ್ಮ?” ಎಂದರು ಮಹೇಶ್ವರಪ್ಪ.

“ಅವರು ತೀರಿಕೊಂಡು ಭಾಳ ದಿನ ಆತು.”

“ಅಯ್ಯೋ, ನಮ್ಮ ಕೆಂಚ ಹೋಗೇಬಿಟ್ಟನಾ!” ಎಂದು ಅಧ್ಯಕ್ಷರು ಜಗಲಿಯ ಮೇಲೆ ಕುಸಿದರು.

“ಕೆಂಚ ಎಲ್ಲಿಗೆ ಹೋಗ್ತಾನ್ರಿ? ಒಳಗೆ ರೊಟ್ಟಿ ತಟ್ಟಾಕೆ ಕೂತಿದ್ದ,” ಎಂದ ಸಿದ್ದಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಮ್ಮೆ ಗಂಟಲು ಸರಿಮಾಡಿಕೊಂಡರು. “ನಿಲ್ರೋ ಅಲ್ಲೇ! ಕೆಂಚ ಬಂದಿದ್ದಾನೆ!”

ಅಧ್ಯಕ್ಷರು ಎದ್ದು ನಿಂತರು. ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತರು. ನಾನು ಸಿಕ್ಕಿಬಿದ್ದ ಕಳ್ಳನಂತೆ ಎರಡೂ ಕೈ ಎತ್ತಿದೆ, ಸುಳ್ಳು ಯಾಕೆ ಹೇಳಲಿ.

ಸಿದ್ದಲಿಂಗಮ್ಮ ಕಾಲೇಜಿಗೆ ಹೋಗುವಾಗ ಧ್ವನಿ ಕೊಟ್ಟದ್ದಂತೆ. ಗಂಡು ಹುಡುಗರ ಗಂಟಲು ಯಾವಾಗ ಒಡೆಯುತ್ತದೋ ಹೇಳಲಾಗದು ಎಂದು ರೇಡಿಯೋದವರು ಇಂಥ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ಹಿಡಿಯುತ್ತಿದ್ದರಂತೆ. ಸಮಯ ಸಾಲದೆ ಪಾತ್ರಧಾರಿಗಳ ಹೆಸರು ಓದುತ್ತಿರಲಿಲ್ಲ.

“ಮದುವೆ ಆಗಿ ಈ ಮನೆಗೆ ಬಂದ ಮ್ಯಾಲೆ ಅದೇ ನಾಟಕ ಮತ್ತೆ ಹಾಕಿದ್ರು. ನಮ್ಮ ಮಾವ ರೇಡಿಯೋ ಮುಂದೆ ಕೂತು, ‘ಗಂಡು ಅಂದ್ರೆ ಇವನು ನೋಡು! ಮನೆಗೊಂದು ಇಂಥದು ಹುಟ್ಟಬೇಕು’ ಅನ್ನೋರು. ನಾನು ಅವರಿಗೆ ಮುದ್ದೆ ಬಡಿಸ್ತಿದ್ದೆ. ಹೆಂಗೆ ಹೇಳಾಕೆ ಆಗ್ತಿತ್ತು? ನನಗೆ ಶಾಲು ಬ್ಯಾಡ್ರಿ, ಹಾರ ಬ್ಯಾಡ. ಮೈಕಿನಾಗೆ ಒಂದ್ಸಲ ನನ್ನ ಹೆಸರು ಹೇಳಿಬಿಡ್ರಿ, ಸಾಕು.”

ಇದಕ್ಕಿಂತ ಸುಲಭದ ಬೇಡಿಕೆ ಸಂಘದ ಇತಿಹಾಸದಲ್ಲೇ ಬಂದಿರಲಿಲ್ಲ. ಆದ್ದರಿಂದ ತುರ್ತುಸಭೆ ಕರೆಯಲಾಯಿತು.

ಹೊನ್ನಾಳಿಯ ಸದಸ್ಯ ಕೊಟ್ರೇಶ್ ಮೊದಲು ಎದ್ದರು. “ಕೆಂಚ ಅಳಾಂಗಿಲ್ಲ ಅಂತ ನಾನು ನಮ್ಮಪ್ಪ ಸತ್ತಾಗಲೂ ಅಳಲಿಲ್ಲ. ಈಗ ಹೆಣ್ಣುಮಗಳು ಅಂದ್ರೆ ಹೆಂಗ್ರಿ? ಅಷ್ಟೂ ಅಳು ಬಾಕಿ ಐತೆ!”

ಸಭೆ ತಲೆ ತಗ್ಗಿಸಿತು. ಬೈಲಾದಲ್ಲಿ ಸನ್ಮಾನ “ವೀರ ಬಾಲಕನಿಗೆ” ಎಂದೇ ಇತ್ತು. ಬೈಲಾ ತಿದ್ದಲು ಮೂರನೇ ಎರಡರಷ್ಟು ಬಹುಮತ ಬೇಕು. ಸಿದ್ದಲಿಂಗಮ್ಮನವರನ್ನು ತಿದ್ದಲು ಅಂಥ ನಿಯಮವೇನೂ ಇರಲಿಲ್ಲ. ಯರ್ರಿಸ್ವಾಮಿ ಅಲ್ಲೇ ಕೂತು ಪ್ರಮಾಣಪತ್ರ ಬರೆದರು: “ಸದರಿ ಸಿದ್ದಲಿಂಗಮ್ಮನವರು ಧ್ವನಿಯ ಮಟ್ಟಿಗೆ ಹನ್ನೆರಡು ವರ್ಷದ ಬಾಲಕರಾಗಿದ್ದು, ಸಂಘದ ಎಲ್ಲ ವ್ಯವಹಾರಗಳಿಗೆ ಅವರನ್ನು ಹಾಗೆಯೇ ಭಾವಿಸತಕ್ಕದ್ದು.” ಕೊಟ್ರೇಶ್ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಸಮಾರಂಭ ಜಗಳೂರಿನಲ್ಲಿ. ಬಾಲಕರಾದ್ದರಿಂದ ಸಿದ್ದಲಿಂಗಮ್ಮನವರಿಗೆ ಪೋಷಕರು ಬೇಕಾಯಿತು. ಮೊಮ್ಮಗಳು, ಉಪನ್ಯಾಸಕಿ ರೂಪಶ್ರೀ, “ಅಜ್ಜಿಯ ನಡತೆಗೆ ನಾನು ಜವಾಬ್ದಾರಿ” ಎಂದು ಬರೆದುಕೊಟ್ಟಳು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದರೂ ಬಾಲಕರಿಗೆ ಆ ಸೌಲಭ್ಯವಿಲ್ಲವೆಂದು ಯರ್ರಿಸ್ವಾಮಿ ಹಟ ಹಿಡಿದು ಟಿಕೆಟ್ ಕೊಂಡರು. ಕಂಡಕ್ಟರ್ ಸಿದ್ದಲಿಂಗಮ್ಮನವರನ್ನೂ ಪ್ರಮಾಣಪತ್ರವನ್ನೂ ಒಂದೊಂದು ಸಲ ನೋಡಿ, ಪತ್ರವನ್ನು ನಂಬಿದ. ಅದಕ್ಕೆ ಸೀಲು ಇತ್ತು.

ಸಭಾಂಗಣ ತುಂಬಿತ್ತು. ನರೆತ ತಲೆಗಳೆಲ್ಲ ಮುಂದಿನ ಸಾಲಿಗೆ ನುಗ್ಗಾಡುತ್ತಿದ್ದವು. ಯರ್ರಿಸ್ವಾಮಿ ಮೈಕ್ ಹಿಡಿದರು.

“ಮಾನ್ಯರೇ, ಈ ದಿನ ಸನ್ಮಾನ ಸ್ವೀಕರಿಸುತ್ತಿರುವವರು ಅಪ್ರಾಪ್ತ ವಯಸ್ಕರಾಗಿರುವುದರಿಂದ, ಅವರ ಹಿತದೃಷ್ಟಿಯಿಂದ, ಹೆಸರನ್ನು ಬಹಿರಂಗಪಡಿಸಲಾಗುವುದಿಲ್ಲ.”

ಜೋರು ಚಪ್ಪಾಳೆ. ಸಂಘ ಮಕ್ಕಳ ಬಗ್ಗೆ ಇಷ್ಟು ಕಾಳಜಿ ತೋರಿಸುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಸಿದ್ದಲಿಂಗಮ್ಮ ಅಧ್ಯಕ್ಷರ ಕಡೆ ಬಾಗಿದರು. “ಏನ್ರಿ ಇದು? ಅದೊಂದೇ ಅಲ್ವೇನ್ರಿ ನಾನು ಕೇಳಿದ್ದು?”

ಮಹೇಶ್ವರಪ್ಪನವರಿಗೆ ನಿಜಕ್ಕೂ ಸಂಕಟವಾಯಿತು. “ಹದಿನೆಂಟು ತುಂಬಲಿ ಬಿಡ್ರಿ ಅಮ್ಮ. ಮಾರನೇ ದಿನಾನೇ ಹೇಳಿಸ್ತೀನಿ.”

“ನಾಟಕ ಅಷ್ಟು ವರ್ಷ ನಡೀತು. ಕೊನೇತನಕ ಅವನಿಗೆ ಹನ್ನೆರಡೇ ಇತ್ತಲ್ರಿ!”

ಸಿದ್ದಲಿಂಗಮ್ಮ ಎದ್ದು ಹೋಗಿ ಯರ್ರಿಸ್ವಾಮಿಯ ಕೈಯಿಂದ ಮೈಕ್ ಕಿತ್ತುಕೊಂಡರು. ಕಣ್ಣಲ್ಲಿ ನೀರಿತ್ತು, ಆದರೆ ಧ್ವನಿ ಮಾತ್ರ ಕೆಂಚನದೇ.

“ನಿಲ್ರೋ ಅಲ್ಲೇ! ನನ್ನ ಹೆಸರು ಸಿದ್ದಲಿಂಗಮ್ಮ! ಸಂತೇಬೆನ್ನೂರು ಸಿದ್ದಲಿಂಗಮ್ಮ!”

ಸಭೆ ಎದ್ದು ನಿಂತಿತು. ಕೊಟ್ರೇಶ್ ತಮ್ಮ ತಂದೆಯನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತರು. ಮಹೇಶ್ವರಪ್ಪ ಕುಂಟುತ್ತಲೇ ಕುಣಿದರು. ನ್ಯಾಮತಿಯ ಗುಂಪು “ಕೆಂಚನಿಗೆ ಜಯವಾಗಲಿ” ಎಂದು ಕೂಗುತ್ತ ಸಿದ್ದಲಿಂಗಮ್ಮನವರ ಕುರ್ಚಿಯನ್ನೇ ಎತ್ತಿಕೊಂಡಿತು. ಅವರು ಅದರಲ್ಲಿ ಕೂತಿರಲಿಲ್ಲವಾದ್ದರಿಂದ ತೊಂದರೆಯೇನೂ ಆಗಲಿಲ್ಲ.

ಗದ್ದಲ ಇಳಿದ ಮೇಲೆ ಯರ್ರಿಸ್ವಾಮಿ ನಡಾವಳಿ ಓದಿದರು: “ಕೆಂಚನು ಭಾವಪರವಶನಾಗಿ ಸಿದ್ದಲಿಂಗಮ್ಮ ಎಂಬ ಮಹಿಳೆಯನ್ನು ಸ್ಮರಿಸಿದನು. ಸದರಿ ಮಹಿಳೆ ಯಾರು, ಕೆಂಚನಿಗೆ ಏನಾಗಬೇಕು ಎಂದು ಪತ್ತೆ ಮಾಡಿ ಮುಂದಿನ ವರ್ಷ ಆಕೆಯನ್ನೂ ಸನ್ಮಾನಿಸಲು ಉಪಸಮಿತಿ ರಚಿಸಲಾಗಿದೆ.” ಇದು ಸರ್ವಾನುಮತದಿಂದ ಅಂಗೀಕಾರವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಸಂತೇಬೆನ್ನೂರಿನ ಕಡೆ ಪರಿಚಯವಿರುವವರು ಬೇಕೆಂದು ಆ ಉಪಸಮಿತಿಗೆ ಸಿದ್ದಲಿಂಗಮ್ಮನವರನ್ನೇ ಸೇರಿಸಿಕೊಳ್ಳಲಾಯಿತು. ಬಾಲಕರಾದ್ದರಿಂದ ಮತ ಹಾಕುವ ಹಕ್ಕಿಲ್ಲ. ಒಪ್ಪಿಗೆಯೇ ಎಂದು ಕೇಳಿದಾಗ ಅವರು ಹಾರ ತೆಗೆದು ನನ್ನ ಕೈಗೆ ಕೊಟ್ಟು, ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದರು.

“ಹುಡುಕ್ರಿ,” ಎಂದರು. “ಸಿಕ್ಕಿದ್ರೆ ನನಗೂ ಒಂದು ಮಾತು ತಿಳಿಸ್ರಿ.”