ನೆಲ ನೋಡಿಕೊಂಡು ಜಪಾನ್ ಪ್ರವಾಸ

ನಮ್ಮ ಸೋದರತ್ತೆ ಹನ್ನೊಂದು ದಿನ ಜಪಾನ್ ಸುತ್ತಿ ಬಂದಿದ್ದಾರೆ. ಆದರೆ ಆ ದೇಶದಲ್ಲಿ ನೆಲದಿಂದ ಒಂದಡಿ ಮೇಲಿರುವ ಯಾವುದನ್ನೂ ಅವರು ನೋಡಿಲ್ಲ ಎಂದು ನಾನು ಬೇಕಾದರೆ ಬರೆದು ಕೊಡುತ್ತೇನೆ! ಅತ್ತೆ ನೋಡಿದ್ದು ಚರಂಡಿ ಮುಚ್ಚಳಗಳನ್ನು. ಹೌದು ಸ್ವಾಮಿ, ಮ್ಯಾನ್‌ಹೋಲ್! ಅಷ್ಟು ದೂರ ಹಾರಿ ಹೋಗಿ ಯಾರಾದರೂ ತಲೆ ಬಗ್ಗಿಸಿಕೊಂಡು ಓಡಾಡುತ್ತಾರೆಯೇ? ನಮ್ಮತ್ತೆ ಓಡಾಡಿದರು. ಜೊತೆಗೆ ಹೋದ ತಪ್ಪಿಗೆ ನಾನೂ ಓಡಾಡಿದೆ.

ಅತ್ತೆಯದು ಜಯನಗರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಶಾಲೆಗೆ ರಜೆ ಹಾಕಿದ್ದುಂಟು, ಬಾಗಿಲಿಗೆ ರಂಗೋಲಿ ತಪ್ಪಿಸಿದ್ದಿಲ್ಲ. ಈಗ ಎರಡೂ ಮಂಡಿ ಸವೆದು, ಜಪಾನಿನಿಂದ ವಾಪಸು ಬಂದ ವಾರಕ್ಕೇ ಆಪರೇಷನ್ ಎಂದು ನಿಗದಿಯಾಗಿತ್ತು. "ಆಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲಮ್ಮ. ಕುಕ್ಕರುಗಾಲಲ್ಲಂತೂ ಇಲ್ವೇ ಇಲ್ಲ" ಎಂದರು ಡಾಕ್ಟರು.

"ಹಾಗಾದ್ರೆ ರಂಗೋಲಿ?"

"ಈಗ ಸ್ಟಿಕ್ಕರ್ ಬಂದಿದ್ಯಲ್ಲಮ್ಮ, ಅಂಟಿಸಿಬಿಡಿ."

"ನಿಮ್ಮನೇಲಿ ಊಟಾನೂ ಸ್ಟಿಕ್ಕರ್ರೇನು ಡಾಕ್ಟ್ರೇ?" ಎಂದು ಅತ್ತೆ ಎದ್ದು ಬಂದರು. ಬಾಯಿ ಜೋರಾಗಿತ್ತೇ ಹೊರತು, ಆಟೋದಲ್ಲಿ ಮನೆ ಸೇರುವವರೆಗೂ ಮಂಡಿ ನೀವಿಕೊಳ್ಳುತ್ತಲೇ ಇದ್ದರು. ನೆಲ ಮುಟ್ಟುವುದಕ್ಕೆ ಅವರಿಗೆ ಉಳಿದಿದ್ದು ಕೆಲವೇ ದಿನ, ಅದರಲ್ಲೂ ಹನ್ನೊಂದು ದಿನ ಪರದೇಶದಲ್ಲಿ!

ಒಸಾಕಾದಲ್ಲಿ ಮೊದಲ ಬೆಳಿಗ್ಗೆ ಹೋಟೆಲಿನಿಂದ ಹೊರಟ ಅತ್ತೆ ಫುಟ್‌ಪಾತಿನ ಮೇಲೆ ಗಕ್ಕನೆ ನಿಂತರು. ಹಿಂದಿದ್ದ ನಮ್ಮ ಟೂರ್ ಗುಂಪಿನ ಹದಿನೆಂಟು ಜನ ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ. ಕಾಲ ಬುಡದಲ್ಲಿ ಒಂದು ಕಬ್ಬಿಣದ ಮುಚ್ಚಳ. ಅದರ ಮೇಲೆ ಕೋಟೆ, ಕೋಟೆಯ ಸುತ್ತ ಹೂವು, ಎಲ್ಲಕ್ಕೂ ಬಣ್ಣ.

"ಯಾರ ಮನೆ ಮುಂದೇನೋ ಇದು?"

"ಮನೆ ಅಲ್ಲ ಅತ್ತೆ. ಚರಂಡಿ ಮುಚ್ಚಳ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಕೊಳಕು ನೀರು ಹೋಗೋ ಜಾಗಕ್ಕಾ? ಇಷ್ಟು ಚೆನ್ನಾಗಿ?"

ನಮ್ಮ ಕಡೆ ಮುಚ್ಚಳ ಇದ್ದರೆ ಅದೇ ಅಲಂಕಾರ! ಇಲ್ಲದ ಕಡೆ ಮರದ ಕೊಂಬೆ ಸಿಕ್ಕಿಸಿರುತ್ತಾರೆ. ಅತ್ತೆ ಕೈ ಮುಗಿದರು. ಆಮೇಲೆ ತಿರುಗಿ, ತರಗತಿಗೆ ಹೇಳುವ ದನಿಯಲ್ಲಿ, "ಯಾರೂ ತುಳೀಬೇಡಿ. ರಂಗೋಲಿ ಇದು" ಎಂದು ಅಪ್ಪಣೆ ಮಾಡಿದರು. ಹದಿನೆಂಟು ಜನ ಸಾಲಾಗಿ, ದೇವರಿಗೆ ಪ್ರದಕ್ಷಿಣೆ ಹಾಕುವಂತೆ ಮುಚ್ಚಳವನ್ನು ಸುತ್ತಿಕೊಂಡು ಹೋದೆವು. ಎದುರಿಗೆ ಬಂದ ಇಬ್ಬರು ಜಪಾನಿಯರು, ಏನೋ ನಿಯಮವಿರಬೇಕು ಎಂದುಕೊಂಡು ತಾವೂ ಸುತ್ತಿಕೊಂಡೇ ಹೋದರು.

ಊರಿಗೊಂದು ಚಿತ್ರವಂತೆ. ಅತ್ತೆ ಚೌಕಳಿ ನೋಟ್‌ಬುಕ್ ತೆಗೆದರು. ಮುಚ್ಚಳ ಕಂಡಲ್ಲೆಲ್ಲ "ಅಯ್ಯಮ್ಮಾ" ಎಂದು ನರಳುತ್ತ ಕೂರುವುದು, ಚಿತ್ರವನ್ನು ಚುಕ್ಕಿಗೆ ಇಳಿಸುವುದು. ಕೋಟೆಗೆ ಇಪ್ಪತ್ತೊಂದು ಚುಕ್ಕಿ, ಜಿಂಕೆಗೆ ಹದಿನೈದು. ಜಿಂಕೆಯ ಮುಚ್ಚಳ ಸಿಕ್ಕಿದ್ದು ನಾರಾದಲ್ಲಿ. ಅಲ್ಲಿ ನಿಜವಾದ ಜಿಂಕೆಗಳೇ ಬೀದಿಯಲ್ಲಿ ಅಡ್ಡಾಡುತ್ತಿದ್ದರೂ ಅತ್ತೆ ಅವುಗಳಿಗೆ ಬೆನ್ನು ಹಾಕಿ ಕಬ್ಬಿಣದ ಜಿಂಕೆ ಬರೆಯುತ್ತಿದ್ದರು. ಒಂದು ಜಿಂಕೆ ಹಿಂದಿನಿಂದ ಬಂದು, ಸ್ವಲ್ಪ ಹೊತ್ತು ನೋಡಿ, ಆ ಹಾಳೆಯನ್ನೇ ಕಿತ್ತು ತಿಂದಿತು! ನಾನು ಹೌಹಾರಿದೆ.

"ಬಿಡೋ, ಕೊಂಬಿನ ಹತ್ರ ಒಂದು ಚುಕ್ಕಿ ತಪ್ಪಿತ್ತು" ಎಂದು ಅತ್ತೆ ಹೊಸ ಹಾಳೆ ತಿರುವಿದರು.

ಫೂಜಿ ಪರ್ವತದ ದಿನವಂತೂ ಹೇಳುವುದೇ ಬೇಡ. ಮೋಡ ಸರಿದು ಬೆಟ್ಟ ಪೂರ್ತಿ ಕಂಡಿತು. ಬಸ್ಸಿನಿಂದ ಇಳಿದವರೆಲ್ಲ ಹೋ ಎಂದರು. "ಅತ್ತೆ, ಮೇಲೆ ನೋಡಿ, ಫೂಜಿ!" ಎಂದೆ. "ಇಲ್ಲೇ ಇದ್ಯಲ್ಲೋ" ಎಂದರು ಅತ್ತೆ, ಮುಚ್ಚಳದ ಮೇಲಿನ ಫೂಜಿಯಿಂದ ಕಣ್ಣು ತೆಗೆಯದೆ. "ಇದಕ್ಕೆ ಮೋಡದ ಕಾಟಾನೂ ಇಲ್ಲ."

ನಮ್ಮ ಟೂರ್ ಮ್ಯಾನೇಜರ್ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ಧಾರವಾಡದ ಹೆಣ್ಣುಮಗಳು. "ಅಮ್ಮಾರ, ಬಸ್ ಹೊಂಟೈತ್ರಿ! ಗಟಾರ ಎಲ್ಲೂ ಓಡಿ ಹೋಗಂಗಿಲ್ರಿ!" ಎಂದು ಆಕೆ ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ನನಗೋ ನಾಚಿಕೆ. ಐವತ್ತು ದಾಟಿದ ಗಂಡಸು ನಾನು, ಬೀದಿಯಲ್ಲಿ ಕುಕ್ಕರಿಸಿದ ಹೆಂಗಸಿನ ಪಕ್ಕ ಕೈಚೀಲ ಹಿಡಿದು ಎಷ್ಟು ಹೊತ್ತು ನಿಲ್ಲಲಿ?

ಕೊನೆಯ ಊರು ಮತ್ಸುಮೊಟೊ. ಅಲ್ಲಿನ ಮುಚ್ಚಳದ ಮೇಲೆ ಬಣ್ಣದ ನೂಲು ಸುತ್ತಿದ ಚೆಂಡುಗಳ ಚಿತ್ರ. ಎಳೆಯ ಮೇಲೆ ಎಳೆ, ಒಂದನ್ನೊಂದು ಹಾಯ್ದು ಹೂವಾಗಿದ್ದವು. ಚೆಂಡಿಗೆ ಹೀಗೆ ನೂಲು ಸುತ್ತುವುದು ಆ ಊರಿನ ಹಳೆಯ ಕೈಕೆಲಸವಂತೆ. ಅತ್ತೆ ನೋಟ್‌ಬುಕ್ ತೆಗೆಯಲಿಲ್ಲ. ಚೀಲದ ತಳದಿಂದ ರಂಗೋಲಿ ಪುಡಿಯ ಪೊಟ್ಟಣ ತೆಗೆದರು!

"ಅತ್ತೆ, ಬೇಡ. ಇಲ್ಲಿ ಕಸ ಹಾಕಿದ್ರೆ ಹಿಡ್ಕೊಂಡು ಹೋಗ್ತಾರೆ!"

"ಕಸ ಅಂದ್ಯಾ?" ಎಂದರು. ಮುಚ್ಚಳದ ಪಕ್ಕ ಕುಕ್ಕರಿಸಿಯೇಬಿಟ್ಟರು.

ಎದುರಿನ ಅಂಗಡಿಯಿಂದ ಒಬ್ಬ ಮುದುಕ ಹೊರಗೆ ಬಂದ. ನೋಡಿದ, ಒಳಗೆ ಹೋದ, ಪೊರಕೆ ಮತ್ತು ಒದ್ದೆ ಬಟ್ಟೆ ಹಿಡಿದು ಬಂದ. ಮುಗಿಯಿತು ಎಂದುಕೊಂಡೆ. ಆತ ಮುಚ್ಚಳವನ್ನು ಒರೆಸಿದ, ಅತ್ತೆಯ ಮುಂದಿನ ಜಾಗವನ್ನೂ ಗುಡಿಸಿದ. ಆಮೇಲೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮಂಡಿಯ ಮೇಲೆ ಕೈಯಿಟ್ಟುಕೊಂಡು ನೋಡತೊಡಗಿದ.

ಅತ್ತೆ ಚುಕ್ಕಿ ಇಟ್ಟರು. ಅಳತೆಯಿಲ್ಲ, ಪಟ್ಟಿಯಿಲ್ಲ, ಆದರೂ ಒಂದಕ್ಕೊಂದರ ದೂರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎರಡು ಬೆರಳಿನ ನಡುವಿನಿಂದ ಎಳೆ ಇಳಿಯಿತು. ಚುಕ್ಕಿಗಳನ್ನು ಬಳಸಿ, ತನ್ನನ್ನೇ ತಾನು ದಾಟಿ, ಎಲ್ಲೂ ಕಡಿಯದೆ ಹೊರಟ ಜಾಗಕ್ಕೇ ಬಂದು ಸೇರಿತು. ಮುದುಕ ಸಣ್ಣಗೆ "ಓ" ಎಂದ. ನನ್ನ ಬಾಯಿಂದಲೂ ಅದೇ ಬಂತು. ಆಗ ಹೊಳೆಯಿತು: ಅತ್ತೆ ರಂಗೋಲಿ ಹಾಕುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಷ್ಟು ವರ್ಷ ನಾನು ಅವರ ಮನೆಗೆ ಹೋಗುವ ಹೊತ್ತಿಗೆ ಅದು ಬಾಗಿಲಲ್ಲಿ ಇರುತ್ತಿತ್ತು, ಅಷ್ಟೇ.

ಬಸ್ಸಿನ ಹಾರನ್ ಕೇಳಿಸಿತು. ಅತ್ತೆ ಏಳಲು ಹೋದರು. ಆಗಲಿಲ್ಲ. ಒಂದು ಕಡೆ ಮುದುಕ, ಒಂದು ಕಡೆ ನಾನು ಹಿಡಿದು ಎತ್ತಿದೆವು.

"ಸಾಕು ಕಣೋ. ಕೊನೇದು ಒಳ್ಳೇ ಜಾಗದಲ್ಲೇ ಆಯ್ತು" ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆ ವಾಕರ್ ಹಿಡಿದು ಮನೆಗೆ ಬಂದರು. ತಮ್ಮ ಬಾಗಿಲ ಮುಂದಿನ ಬೋಳು ನೆಲವನ್ನು ನೋಡಿದರು, ವಾಕರ್ ತಳ್ಳಿಕೊಂಡು ಒಳಗೆ ಹೋದರು. ಬೈಯದ ಅತ್ತೆಯನ್ನು ಕಂಡು ನನಗೆ ಹೆದರಿಕೆಯಾಯಿತು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಹೋಗಿ ಅವರ ಬಾಗಿಲಿಗೆ ನೀರು ಹಾಕಿದೆ. ಗೇಟಿನ ಹತ್ತಿರ ಕುರ್ಚಿ ಇಟ್ಟು ಅತ್ತೆಯನ್ನು ಕೂರಿಸಿ, ನಾನು ನೆಲಕ್ಕೆ ಕೂತೆ. "ಹೇಳಿ ಅತ್ತೆ, ಎಷ್ಟು ಚುಕ್ಕಿ?"

ಅತ್ತೆ ಒದ್ದೆ ನೆಲವನ್ನು ಕಣ್ಣಲ್ಲೇ ಅಳೆದು, "ನಾಲ್ಕು ಇಡು. ನಾಲ್ಕು ಸಾಲು" ಎಂದರು.

ನನ್ನ ಚುಕ್ಕಿಗಳು ಒಂದೊಂದು ಒಂದೊಂದು ದಿಕ್ಕಿಗೆ ಹೋದವು. ಎಳೆ ಒಂದು ಕಡೆ ಹಗ್ಗ, ಒಂದು ಕಡೆ ದಾರ! ಹೊರಟ ಜಾಗಕ್ಕೆ ಬಂದು ಸೇರುವ ಮಾತೇ ಇಲ್ಲ. ಇದನ್ನು ಅವರು ಬೆನ್ನು ಬಗ್ಗಿಸಿ ಕೂತು ದಿನಾ ಹಾಕಿದ್ದರು, ನಾವು ಚಪ್ಪಲಿ ಮೆಟ್ಟಿಕೊಂಡು ದಾಟಿ ಹೋಗಿದ್ದೆವು. ನಾಚಿಕೆಯಾಗಿ ಅಳಿಸಲು ಕೈ ಚಾಚಿದೆ.

"ಅಳಿಸ್ಬೇಡ ಕಣೋ" ಎಂದರು ಅತ್ತೆ. "ಇರ್ಲಿ. ನಾಳೆ ಐದು ಚುಕ್ಕಿ ಹೇಳಿಕೊಡ್ತೀನಿ."

ನಾನು ಕೆಳಗೆ ಕೂತಿದ್ದರಿಂದ ಕುರ್ಚಿಯಲ್ಲಿದ್ದ ಅವರ ಕೈಗೆ ನನ್ನ ತಲೆ ಎಟುಕುತ್ತಿತ್ತು. ಆ ಕೈ ಬಂದು ತಲೆಯ ಮೇಲೆ ಕೂತಿತು. ನಾನು ಏಳಲಿಲ್ಲ.