ಮಾವನ ಪಾಟೀಲ ಬಳಗ

ಭೂಮಿಯ ಮೇಲಿನ ಅಷ್ಟೂ ಪಾಟೀಲರು ತಾವೂ ಪಾಟೀಲರಾದ ನನ್ನ ಸೋದರಮಾವನಿಗೆ ನೆಂಟರು. ತೊಂದರೆಯೇನೆಂದರೆ, ಈ ಸಂಗತಿ ಆ ಪಾಟೀಲರಿಗೆ ಗೊತ್ತಿಲ್ಲ!

ಟಿವಿಯಲ್ಲಿ ಯಾವ ಪಾಟೀಲರು ಮಂತ್ರಿಯಾದರೂ ಮಾವ ಓಣಿಗೆಲ್ಲ ಪೇಡೆ ಹಂಚುತ್ತಾರೆ. ಪಾಟೀಲನೆಂಬ ಕ್ರಿಕೆಟಿಗ ಸೊನ್ನೆಗೆ ಔಟಾದ ದಿನ ಊಟ ಬಿಡುತ್ತಾರೆ. ಒಮ್ಮೆ ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಮೇಜಿನ ಮೇಲೆ ಪಾಟೀಲ ಎಂಬ ಫಲಕ ಕಂಡದ್ದೇ ತಡ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ವಂಶಾವಳಿ ಕೆದಕತೊಡಗಿದರು. ಪಾಪ, ಆ ಡಾಕ್ಟರ ಹುಡುಗಿ, "ಅದು ನಮ್ಮ ಯಜಮಾನರ ಮನಿ ಹೆಸರು ರೀ" ಎಂದಳು.

"ಹಂಗಾದ್ರೆ ನೀ ನಮ್ಮ ಸೊಸಿ!"

ಹೊರಗೆ ಕಾಯುತ್ತಿದ್ದ ರೋಗಿಗಳು ಹಲ್ಲುನೋವು ಮರೆತು ನಕ್ಕರು. ನಾನು ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಪರೀಕ್ಷೆಗೆ ಓದುವವಳಂತೆ ನೋಡುತ್ತ ನಿಂತೆ.

ಇಂಥ ಮಾವ ಇರುವಾಗ ನನ್ನ ಮಗಳಿಗೆ ಗೊತ್ತು ಮಾಡಿದ ಹರಿಹರದ ವರನ ಮನೆತನವೂ ಪಾಟೀಲರದೇ ಆಗಬೇಕೆ! ನಿಶ್ಚಿತಾರ್ಥದ ದಿನ ದಾವಣಗೆರೆಯ ಸರಸ್ವತಿ ನಗರದಿಂದ ಹರಿಹರದವರೆಗೂ ಕಾರು ಓಡಿಸುತ್ತ ಬೇಡಿಕೊಂಡೆ. "ಮಾವ, ಅಲ್ಲಿ ಸುಮ್ಮನೆ ಕೂಡ್ರಿ."

"ನಾ ಏನು ಮಾತಾಡ್ತೀನವ್ವ?" ಎಂದರು, ಹುಟ್ಟು ಮೂಗರಂತೆ.

ವರನ ತಂದೆ ಮೀಸೆ ತೀಡುತ್ತ, "ಪಾಟೀಲ್ರು ಅಂದ್ರೆ ರಾಜವಂಶ ರೀ" ಎಂದುಬಿಟ್ಟರು. ಮಾವ ತಡೆಯಲಾರದೆ ಎದ್ದರು.

"ಎಲ್ಲಿ ರಾಜರು ರೀ! ಊರಿನ ಕಂದಾಯ ಎತ್ತಿ ಸರ್ಕಾರಕ್ಕೆ ಕಟ್ಟೋ ಕೆಲಸ ಅದು. ಹಳೇ ತಾಮ್ರಪಟದಾಗ ಪಾಟೀಲ ಅನ್ನೋದು ಪಟ್ಟಕಿಲ ಅಂತ ಐತೆ. ಅದು ಜಾತಿ ಅಲ್ಲ, ನೌಕರಿ! ಲಿಂಗಾಯತರು, ಜೈನರು, ಮರಾಠರು, ಮುಸಲ್ಮಾನರು, ಯಾರು ಆ ಕೆಲಸ ಮಾಡಿದ್ರೋ ಅವರು ಪಾಟೀಲ್ರು."

ಬೀಗರ ಮೀಸೆ ಇಳಿಯಿತು. ನನ್ನ ಜೀವವೂ ಇಳಿಯಿತು. ಅಷ್ಟು ಸಾಲದೆಂಬಂತೆ ಅದೇ ಗಳಿಗೆಗೆ ಬಾಗಿಲಲ್ಲಿ ಬಿಳಿಗಡ್ಡದ ಒಬ್ಬರು ಹಣ್ಣಿನ ಬುಟ್ಟಿ ಹಿಡಿದು ನಿಂತರು. ನಮ್ಮೂರ ಮಂಡಿಪೇಟೆಯ ಒಣಮೆಣಸಿನಕಾಯಿ ವ್ಯಾಪಾರಿ. ಮುಸಲ್ಮಾನರು. ಅಂಗಡಿಯ ಬೋರ್ಡಿನ ಮೇಲೆ ಪಾಟೀಲ ಎಂದಿದ್ದುದನ್ನು ಕಂಡು ಮಾವನೇ ಹೋಗಿ ಪರಿಚಯ ಮಾಡಿಕೊಂಡು, ನಿಶ್ಚಿತಾರ್ಥಕ್ಕೂ ಕರೆದಿದ್ದರು!

"ಬಾರೋ ತಮ್ಮಾ!" ಎಂದು ಮಾವ ಅವರನ್ನು ತಬ್ಬಿಕೊಂಡರು. "ನೋಡ್ರಿ, ಇವರೂ ಪಾಟೀಲ್ರು."

ಬೀಗರ ಕಡೆಯವರು ಕಣ್ಣಲ್ಲೇ ಮಾತಾಡಿಕೊಂಡರು. ಮಗಳ ಮುಖ ಬಿಳುಚಿತು. ಮಾವನ ಕಡೆಯವಳೆಂದು ಹೇಳಿಕೊಳ್ಳಲೂ ನಾಚಿಕೆಯಾಗಿ ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದೆ.

ಬಂದವರು ಎಲ್ಲರ ಮುಖ ನೋಡಿ, "ನಾ ಬರ್ತೀನ್ರಿ. ಅಣ್ಣಾರು ಕರೆದಿದ್ರು, ಅದಕ್ಕೆ…" ಎಂದು ಬುಟ್ಟಿ ಕೆಳಗಿಟ್ಟರು.

ಆಗ ವರನ ಅಜ್ಜಿ ಮೂಲೆಯಿಂದ ಬಾಯಿ ತೆರೆದರು. "ಯಾಕ ಹೊಂಟ್ರಿ? ನನ್ನ ತವರೂರಾಗೂ ಸಾಬರೇ ಪಾಟೀಲ್ರಿದ್ರು. ನನ್ನ ಮದುವ್ಯಾಗ ಮುಂದೆ ನಿಂತು ಓಡಾಡಿದವರು ಅವರೇ. ಕೂಡ್ರಿ, ಉಣ್ಣದೆ ಹೋಗಬ್ಯಾಡ್ರಿ." ಆಮೇಲೆ ಮಗನ ಕಡೆ ತಿರುಗಿ, "ರಾಜರಂತೆ ರಾಜರು! ಕುರ್ಚಿ ತಾರೋ" ಎಂದರು.

ಬೀಗರೇ ಕುರ್ಚಿ ತಂದರು. ಉಂಗುರ ಬದಲಾಯಿತು.

ಮಗಳೂ ಮನೆಯವರೂ ಬೇರೆ ಕಾರಿನಲ್ಲಿ ಹೊರಟರು. ವಾಪಸು ಬರುವಾಗ ನನ್ನ ಜೊತೆ ಮಾವನೊಬ್ಬರೇ. ತಡೆದಿಟ್ಟುಕೊಂಡಿದ್ದ ಸಿಟ್ಟೆಲ್ಲ ಹೊರಬಂತು. "ಯಾಕ ಮಾವ ಈ ಹುಚ್ಚು? ಮಂದಿ ನಗ್ತಾರೆ. ನನಗೆ ತಲೆ ಎತ್ತಾಕ ಆಗಲ್ಲ."

ಮಾವ ಕಿಟಕಿಯ ಕಡೆ ಮುಖ ಮಾಡಿದರು. "ನಮ್ಮಪ್ಪಗ ನಾನೊಬ್ಬನೇ ಗಂಡುಮಗ. ನಮಗೆ ಮಕ್ಕಳಾಗಲಿಲ್ಲ. ನನ್ನ ಸಂಗಡ ನಮ್ಮ ಮನಿ ಹೆಸರು ಮುಗೀತು. ಎಲ್ಲಾದ್ರೂ ಒಂದು ಬೋರ್ಡಿನ ಮ್ಯಾಲೆ ಕಂಡ್ರೆ, ಇನ್ನೂ ಐತಲ್ಲ ಅಂತ ಜೀವಕ್ಕೆ ಸಮಾಧಾನ ಆಗ್ತೈತವ್ವ."

ದಾವಣಗೆರೆ ಹತ್ತಿರ ಬಂದಾಗ ರಸ್ತೆ ಬದಿಯಲ್ಲಿ 'ಪಾಟೀಲ ಸೈಕಲ್ ಶಾಪ್' ಕಾಣಿಸಿತು. ಮಾವ ನನಗೆ ಹೆದರಿ ಆ ಕಡೆ ನೋಡಲೇ ಇಲ್ಲ. ನಾನು ಕಾರು ನಿಲ್ಲಿಸಿ ಇಳಿದೆ. ಕೈಗೆ ಗ್ರೀಸು ಮೆತ್ತಿಕೊಂಡಿದ್ದ ಅಂಗಡಿಯವರು ಏನೆಂಬಂತೆ ನೋಡಿದರು.

"ನಮ್ಮ ಮಾವ ನಿಮ್ಮನ್ನ ನೋಡಾಕ ಬಂದಾರೆ ರೀ" ಎಂದೆ.